ಎಲೀಟ್ ದಾರಿಯೋ, ಕಾಲೇಜು ದಾರಿಯೋ: ಮಗಳ ಜಿಮ್ನಾಸ್ಟಿಕ್ಸ್‌ನಲ್ಲಿ ಎರಡನ್ನೂ ಕಂಡ ಮೇಲೆ

ಮಗಳನ್ನು ಎಲೀಟ್ ಬ್ಯಾಚಿನಿಂದ ಬಿಡಿಸಿ ಮೂರು ವರ್ಷವಾಯಿತು. ಹದಿನಾಲ್ಕು ತಿಂಗಳು ಅಲ್ಲಿದ್ದಳು. ಈಗ ಬೇರೊಂದು ಜಿಮ್‌ನಲ್ಲಿ ಎಲೀಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೆವೆಲ್ 10ರಲ್ಲಿದ್ದಾಳೆ, ಕಣ್ಣಿಟ್ಟಿರುವುದು ಕಾಲೇಜು ತಂಡದ ಮೇಲೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪ್ರತಿ ವರ್ಷ ಯಾರಾದರೊಬ್ಬ ತಾಯಿ ಪಕ್ಕಕ್ಕೆ ಬಂದು ಕೇಳುತ್ತಾರೆ: “ನಮ್ಮವಳನ್ನು ಎಲೀಟ್‌ಗೆ ಕರೆಯುತ್ತಿದ್ದಾರೆ, ಏನು ಮಾಡಲಿ?” ನಮ್ಮಂತೆ ನ್ಯೂಜೆರ್ಸಿಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ, ತಿಂಗಳ ಖರ್ಚನ್ನು ಬರೆದಿಡುವ ಮನೆಯಾದರೆ ನನ್ನ ಉತ್ತರ ಒಂದೇ: ಕಾಲೇಜು ದಾರಿ ಹಿಡಿಯಿರಿ.

ಎಲೀಟ್ ಎಂದರೆ ದೇಶದ ತಂಡದ ದಾರಿ. ಅದರ ತುದಿಯಲ್ಲಿ ಒಲಿಂಪಿಕ್ಸ್ ಇದೆ. 2024ರಲ್ಲಿ ಪ್ಯಾರಿಸ್‌ಗೆ ಹೋದ ಅಮೆರಿಕದ ಮಹಿಳಾ ತಂಡದಲ್ಲಿದ್ದವರು ಐದೇ ಜನ. ಇನ್ನೊಂದು ದಾರಿಯ ತುದಿಯಲ್ಲಿ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಮೊದಲ ಡಿವಿಷನ್‌ನ 60ರ ಆಸುಪಾಸು ವಿಶ್ವವಿದ್ಯಾಲಯಗಳ ತಂಡಗಳಿವೆ, ವರ್ಷವರ್ಷವೂ ಹೊಸಬರಿಗೆ ಜಾಗವಿರುತ್ತದೆ. ಇಂಥ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಆದರೂ ಹನ್ನೊಂದು ವರ್ಷದ ಮಗಳನ್ನು ಕೋಚ್ ಎದುರಿಗೇ ಹೊಗಳಿದಾಗ ಎಲ್ಲವೂ ಮರೆತುಹೋಯಿತು.

ನಮ್ಮನ್ನು ಸೋಲಿಸಿದ್ದು ಶಾಲೆ. ಎಲೀಟ್ ಬ್ಯಾಚಿನ ಅಭ್ಯಾಸ ವಾರಕ್ಕೆ 32 ಗಂಟೆಗೂ ಹೆಚ್ಚು: ಬೆಳಗ್ಗೆ ಎಂಟರಿಂದ ಹನ್ನೊಂದೂವರೆ, ಮತ್ತೆ ಮೂರರಿಂದ ಆರು. ಹಾಗಾಗಿ ಊರಿನ ಶಾಲೆ ಬಿಡಿಸಿ ಆನ್‌ಲೈನ್ ಶಾಲೆಗೆ ಸೇರಿಸಿದೆವು. “ನಡುವೆ ಮೂರೂವರೆ ಗಂಟೆ ಬಿಡುವಿದೆಯಲ್ಲ, ಎಲ್ಲ ಮಕ್ಕಳೂ ಓದಿಕೊಳ್ಳುತ್ತಾರೆ” ಎಂದರು ಜಿಮ್‌ನವರು. ಆ ಬಿಡುವಿನಲ್ಲಿಯೇ ಊಟ, ಹಿಮ್ಮಡಿಗೆ ಐಸ್, ಅಂಗೈಗೆ ಮುಲಾಮು. ಬಾರ್ಸ್‌ನಲ್ಲಿ (ಎತ್ತರದ ಅಡ್ಡಕಂಬಿಗಳು) ತೂಗಿ ತೂಗಿ ಅಂಗೈಯ ಚರ್ಮ ಕಿತ್ತುಬಂದ ದಿನ ಪೆನ್ಸಿಲ್ ಹಿಡಿಯಲಾಗದೆ ಬೆರಳ ತುದಿಯಿಂದಲೇ ಟೈಪ್ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ಕೀಲಿಗಳ ಸಂದಿಯಲ್ಲೆಲ್ಲ ಚಾಕ್ ಪುಡಿ.

ಓದಿಗಿದ್ದ ಜಾಗ ಜಿಮ್‌ನ ಊಟದ ಕೋಣೆ. ಅಲ್ಲಿ ಎಂಟು ಹುಡುಗಿಯರು, ಎಂಟು ಪರದೆಗಳು. ಆನ್‌ಲೈನ್ ಶಾಲೆಯ ನಿಯಮದ ಪ್ರಕಾರ ಪರೀಕ್ಷೆ ಬರೆಯುವಾಗ ಕ್ಯಾಮೆರಾದಲ್ಲಿ ಇನ್ನೊಬ್ಬರು ಕಾಣಬಾರದು. ಗಣಿತ ಪರೀಕ್ಷೆಯ ದಿನ ಹಿಂದಿನಿಂದ ಯಾರೋ ನೀರಿನ ಬಾಟಲಿ ತೆಗೆದುಕೊಂಡು ಹೋದರು, ಪರೀಕ್ಷೆ ರದ್ದಾಯಿತು. ನಾನು ಮೂರು ಮೇಲ್ ಬರೆದು, ಬೇಡಿಕೊಂಡು, ಇನ್ನೊಂದು ದಿನ ಕೊಡಿಸಿಕೊಂಡೆ. ಅಂದು ನನ್ನ ಗಂಡ ರಜೆ ಹಾಕಿ ಹೋಗಿ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ತಾವು ಹೊರಗೆ ನಿಂತರು. ಜನವರಿ ತಿಂಗಳು, ಸುತ್ತ ಹಿಮ. ಎಂಜಿನ್ ಚಾಲೂ ಇಟ್ಟು, ಕಂಬಳಿ ಹೊದೆಸಿ, ಭಿನ್ನರಾಶಿ ಲೆಕ್ಕ ಬರೆಸಿದ್ದಾಯಿತು. ಮುಂದಿನ ತಿಂಗಳು ವಿಜ್ಞಾನಕ್ಕೂ ಇದೇ ಕಥೆ.

ಒಂದು ರಾತ್ರಿ ಚಪಾತಿ ಮುರಿಯುತ್ತ ಕೇಳಿದಳು: “ಅಮ್ಮಾ, ನಮ್ಮ ಟೀಚರ್ ಎಷ್ಟು ಎತ್ತರ ಇರಬಹುದು?” ವರ್ಷವಿಡೀ ಅವರ ಮುಖವನ್ನಷ್ಟೇ ಪರದೆಯಲ್ಲಿ ನೋಡಿದ್ದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರವೇ ಬೇರೆ ಜಿಮ್‌ಗೆ ಫೋನ್ ಮಾಡಿದೆ.

ಈಗ ಶಾಲೆ ಮುಗಿಸಿ ನಾಲ್ಕಕ್ಕೆ ಜಿಮ್, ಎಂಟಕ್ಕೆ ಬಿಡುಗಡೆ, ಎಂಟೂವರೆಗೆ ಬಿಸಿ ಸಾರು ಅನ್ನ. ವಾರಕ್ಕೆ 20 ಗಂಟೆ. ಕಾಲೇಜಿಗೆ ಹೋದ ಮೇಲೂ ಸೀಸನ್‌ನಲ್ಲಿ ನಿಯಮದ ಮಿತಿ ಇಷ್ಟೇ, ಆದ್ದರಿಂದ ಮುಂದಿನ ಬದುಕಿನ ಅಭ್ಯಾಸ ಈಗಿನಿಂದಲೇ ಆಗುತ್ತಿದೆ.

ಶುಲ್ಕ: ಅಲ್ಲಿ ತಿಂಗಳಿಗೆ 720 ಡಾಲರ್, ಇಲ್ಲಿ 480.

ನೋಡಲು ಅವಕಾಶ: ಅಲ್ಲಿ ಪೋಷಕರ ಕಿಟಕಿಗೆ ಪರದೆ ಎಳೆದಿರುತ್ತಿತ್ತು. ಅಮೆರಿಕದ ತಂಡದ ವೈದ್ಯನಾಗಿದ್ದು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಲ್ಯಾರಿ ನಾಸರ್‌ಗೆ 2018ರಲ್ಲಿ ಶಿಕ್ಷೆಯಾಗುವ ಹೊತ್ತಿಗೆ ಎಷ್ಟು ಹೆಣ್ಣುಮಕ್ಕಳು ನ್ಯಾಯಾಲಯದಲ್ಲಿ ನಿಂತು ಮಾತಾಡಿದರು ಎಂಬುದನ್ನು ಕಂಡ ಮೇಲೂ ಆ ಪರದೆಯನ್ನು ನಾನು ಸಹಿಸಿಕೊಂಡದ್ದು ತಪ್ಪು.

ಅಂಕದ ವಿಷಯದಲ್ಲಿ ನನಗೆ ಕಾಲೇಜು ಪದ್ಧತಿಯೇ ಇಷ್ಟ. ಎಲೀಟ್‌ನಲ್ಲಿ 2006ರಿಂದ ಕಷ್ಟಕ್ಕೆ ಬೇರೆ ಅಂಕ, ಅಚ್ಚುಕಟ್ಟಿಗೆ ಬೇರೆ ಅಂಕ. ಕಷ್ಟದ ಅಂಕಕ್ಕೆ ಮೇಲ್ಮಿತಿ ಇಲ್ಲದ ಕಾರಣ ಮಕ್ಕಳ ಮೈ ಮೇಲೆ ಇನ್ನೊಂದು ತಿರುವು, ಇನ್ನೊಂದು ಲಾಗ ಎಂದು ಹೇರುತ್ತಲೇ ಹೋಗುತ್ತಾರೆ. ಕಾಲೇಜಿನಲ್ಲಿ ಇಂದಿಗೂ ಪೂರ್ಣಾಂಕ 10. ಒಂದೊಂದು ಉಪಕರಣದ ಮೇಲೆ ತಂಡದ ಆರು ಜನ, ಲೆಕ್ಕಕ್ಕೆ ಮೇಲಿನ ಐವರ ಅಂಕ. ರಟ್ಗರ್ಸ್ ವಿಶ್ವವಿದ್ಯಾಲಯದ ಸ್ಪರ್ಧೆ ನೋಡಲು ಹೋದಾಗ ಒಬ್ಬಳು ಬೀಮ್ ಎಂಬ ಕಿರಿದಾದ ತೊಲೆಯಿಂದ ಬಿದ್ದಳು. ಇಳಿದು ಬಂದವಳನ್ನು ತಂಡದವರೆಲ್ಲ ತಬ್ಬಿಕೊಂಡರು, ಮುಂದಿನವಳು ಗಟ್ಟಿಯಾಗಿ ನಿಂತಳು, ಬಿದ್ದವಳ ಅಂಕ ಲೆಕ್ಕದಿಂದ ಹೊರಗುಳಿಯಿತು. ನನ್ನ ಮಗಳು ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದಳು. ಎಲೀಟ್‌ನಲ್ಲಿದ್ದಾಗ ಬಿದ್ದ ದಿನ ಇವಳು ಒಬ್ಬಳೇ ಮೂಲೆಯಲ್ಲಿ ಅಂಗೈಗೆ ಕಟ್ಟಿದ ಗ್ರಿಪ್ ಪಟ್ಟಿ ಬಿಚ್ಚುತ್ತಿದ್ದಳು.

ಕೇಟ್ಲಿನ್ ಓಹಾಶಿ 2013ರ ಅಮೆರಿಕನ್ ಕಪ್‌ನಲ್ಲಿ, ಮುಂದೆ ಒಲಿಂಪಿಕ್ ಚಾಂಪಿಯನ್ ಆದ ಸಿಮೋನ್ ಬೈಲ್ಸ್‌ರನ್ನು ಹಿಂದಿಕ್ಕಿ ಗೆದ್ದವರು, ಗಾಯಗಳಿಂದ ಎಲೀಟ್ ಬಿಟ್ಟವರು. ಅವರೇ 2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವಾದ ಯುಸಿಎಲ್‌ಎ ಪರ ಫ್ಲೋರ್‌ನಲ್ಲಿ (ನೆಲದ ಕಸರತ್ತಿನಲ್ಲಿ) ನಗುನಗುತ್ತ 10 ಪಡೆದರು. ಆ ವಿಡಿಯೋ ನಮ್ಮ ಮನೆಯಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ.

“ಕಾಲೇಜು ಹಿಡಿದರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿದಂತಲ್ಲವೇ?” ಎನ್ನುವವರಿಗೆ ನಾನು ಮೋಹಿನಿ ಭಾರದ್ವಾಜ್ ಹೆಸರು ಹೇಳುತ್ತೇನೆ. ತಂದೆ ಭಾರತದವರು. ಮೋಹಿನಿ ಯುಸಿಎಲ್‌ಎಯಲ್ಲಿ ಆಡಿ, ಓದು ಮುಗಿಸಿ, ಮತ್ತೆ ಎಲೀಟ್‌ಗೆ ಮರಳಿ, 25ನೇ ವಯಸ್ಸಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ತಂಡದ ಬೆಳ್ಳಿ ಗೆದ್ದರು. ಜೇಡ್ ಕ್ಯಾರಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಇದ್ದುಕೊಂಡೇ ಪ್ಯಾರಿಸ್‌ಗೆ ಹೋಗಿ ಬಂದರು. ಜಾಹೀರಾತಿನ ಹಣ ಪಡೆದವರು ಮೊದಲು ಕಾಲೇಜು ತಂಡದಲ್ಲಿ ಆಡುವಂತಿರಲಿಲ್ಲ, ಆ ದುಡ್ಡಿನ ತೊಡಕೂ ಈಗ ಸಡಿಲವಾಗಿದೆ. ಬೈಲ್ಸ್ 2015ರಲ್ಲಿ ವೃತ್ತಿಪರರಾದಾಗ ಯುಸಿಎಲ್‌ಎ ತಂಡದಲ್ಲಿ ಆಡುವ ಅವಕಾಶ ಬಿಡಬೇಕಾಯಿತು. 2021ರ ಜುಲೈನಲ್ಲಿ ನಿಯಮ ಬದಲಾದ್ದರಿಂದ ಸುನಿ ಲೀ ಒಲಿಂಪಿಕ್ ಚಿನ್ನ ಗೆದ್ದು, ಜಾಹೀರಾತಿನ ಹಣವನ್ನೂ ಪಡೆದು, ಆಬರ್ನ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು.

ಎಲೀಟ್ ಜಿಮ್ ಕೊಟ್ಟದ್ದನ್ನು ಮರೆಯುವುದಿಲ್ಲ. ಬಾರ್ಸ್ ಮೇಲೆ ಇವಳ ಹ್ಯಾಂಡ್‌ಸ್ಟ್ಯಾಂಡ್ ಗೋಡೆಗೆ ತೂಗುಬಿಟ್ಟ ದಾರದಂತೆ ನೇರ ನಿಲ್ಲುವುದು ಅಲ್ಲಿ ಕಲಿತದ್ದರಿಂದಲೇ. ಭುಜ ಒಂದಿಷ್ಟೇ ವಾಲಿದ್ದನ್ನು ದೂರದಿಂದಲೇ ಹಿಡಿಯುವ ಕೋಚ್ ಈಗಿನ ಜಿಮ್‌ನಲ್ಲಿಲ್ಲ. ಮನೆಯಲ್ಲಿ ಒಬ್ಬರು ಕೆಲಸಕ್ಕೆ ಹೋಗದೆ ಇರಬಲ್ಲವರಾದರೆ, ಮಗುವೇ ಹಟ ಹಿಡಿದು ಬೇಡಿದರೆ, ಎಲೀಟ್ ಒಂದು ವರ್ಷ ನೋಡಬಹುದು.

ನಮಗೆ ಇನ್ನೊಂದು ಕಾರಣವಿದೆ. ಎಲೀಟ್‌ನ ದೇಶದೊಳಗಿನ ದೊಡ್ಡ ಸ್ಪರ್ಧೆಗಳು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಸತತ ಎರಡು ವರ್ಷ ಮೈಸೂರಿಗೆ ಹೋಗಲಿಲ್ಲ, ಅತ್ತೆ ಮಾವ ಮೊಮ್ಮಗಳನ್ನು ಫೋನಿನಲ್ಲೇ ನೋಡಿದರು. ಲೆವೆಲ್ 10ರ ಸೀಸನ್ ಜನವರಿಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಮಗಳಿಗೆ ಈ ವರ್ಷ ಹತ್ತನೆಯ ತರಗತಿ. ಅದು ಮುಗಿದ ಮೇಲೆ ಜೂನ್ 15ರಿಂದ ಕಾಲೇಜು ಕೋಚ್‌ಗಳು ಅವಳೊಡನೆ ನೇರವಾಗಿ ಮಾತಾಡಬಹುದು, ಆ ವಾರ ಇಲ್ಲೇ ಇರುತ್ತೇವೆ. ಜುಲೈಗೆ ಟಿಕೆಟ್ ತೆಗೆದಾಗಿದೆ. ಕಳೆದ ವರ್ಷ ಅವಳ ಅಜ್ಜಿ ತಾರಸಿಯ ಮೇಲೆ ರಂಗೋಲಿಯಲ್ಲಿ ಐದು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಬೀಮ್ ಬರೆದುಕೊಟ್ಟಿದ್ದರು. ಈ ಸಲ ಅಳತೆ ಪಟ್ಟಿ ತರಬೇಡಿ, ಕೈಯಳತೆಯಲ್ಲೇ ಬರೆಯುತ್ತೇನೆ ಎಂದಿದ್ದಾರೆ.