ಸೀಸ, ತವರ, ಬಿಸ್ಮತ್: ಸಿಲಿಕೋನ್ ಅಚ್ಚಿನ ಪುಟ್ಟ ಗೊಂಬೆಗೆ ಯಾವ ಲೋಹ, ಯಾವ ಅಚ್ಚು?

ಮನೆಯಲ್ಲೇ ಲೋಹದ ಪುಟ್ಟ ಗೊಂಬೆ ಎರಕ ಹೊಯ್ಯಬೇಕು ಅಂತ ಆಸೆ ಇರುವವರು ಮೊದಲು ಕೇಳುವುದು, "ಯಾವ ಸಿಲಿಕೋನ್ ತಗೊಳ್ಳಲಿ?" ಅಂತ. ನಾನು ತಿರುಗಿ ಕೇಳುತ್ತೇನೆ, "ಯಾವ ಲೋಹ ಕರಗಿಸ್ತೀರಿ?" ಲೋಹ ಎಷ್ಟು ಬಿಸಿಗೆ ಕರಗುತ್ತದೆ ಅನ್ನುವುದರ ಮೇಲೆ ಅಚ್ಚಿನ ಆಯಸ್ಸು ನಿಂತಿದೆ. ಲೋಹ ಗೊತ್ತಾದರೆ ಸಿಲಿಕೋನ್ ಯಾವುದು ಅನ್ನುವುದು ಹೆಚ್ಚುಕಮ್ಮಿ ತಾನೇ ತೀರ್ಮಾನ ಆಗಿಬಿಡುತ್ತದೆ.

ಮಡಿಕೇರಿ ಹತ್ತಿರದ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ಮೂರು ಬಗೆಯ ಲೋಹವನ್ನೂ ಮೂರು ಬಗೆಯ ಸಿಲಿಕೋನನ್ನೂ ಅದಲುಬದಲು ಮಾಡಿ ನೋಡಿದ್ದೇನೆ. ಹೋಲಿಕೆ ಸರಿಯಾಗಿರಲಿ ಅಂತ ಎಲ್ಲದಕ್ಕೂ ಅದೇ ಎರಡು ಗೊಂಬೆ ಇಟ್ಟುಕೊಂಡೆ. ಮೊದಲನೆಯದು ಕುಪ್ಯ ಅನ್ನುವ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಅನ್ನುವ ಪಟ್ಟಿ ಕಟ್ಟಿದ ಕೊಡವ. ಆಟದ ಸೈನಿಕರಿಗೆ ಬಹಳ ಹಿಂದಿನಿಂದ ರೂಢಿಯಲ್ಲಿರುವ 54 ಮಿ.ಮೀ. ಅಳತೆ. ಸೊಂಟದ ಮುಂದೆ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿ, ಹೆಗಲಿಗೆ ಕೋವಿ. ಎರಡನೆಯದು ಮಡಿಕೇರಿ ಕೋಟೆಯೊಳಗಿನ ಗಾರೆ ಆನೆಯ ಪುಟ್ಟ ನಕಲು. ಕೊಡವನ ಕೋವಿ ಬೆಂಕಿಕಡ್ಡಿಗಿಂತ ತೆಳು, ಆನೆ ಗುಂಡುಗುಂಡಗೆ ದಪ್ಪ. ತೆಳು ಜಾಗಕ್ಕೆ ಲೋಹ ಹರಿಯುತ್ತದಾ ಅಂತ ಕೋವಿ ಹೇಳುತ್ತದೆ. ದಪ್ಪ ಜಾಗ ತಣ್ಣಗಾಗುವಾಗ ಗುಳಿ ಬೀಳುತ್ತದಾ ಅಂತ ಆನೆಯ ಬೆನ್ನು ಹೇಳುತ್ತದೆ.

ಮೊದಲು ಲೋಹ

ಸೀಸ ಬೆರೆಸಿದ ತವರದಿಂದ ಶುರು ಮಾಡುತ್ತೇನೆ, ಯಾಕಂದರೆ ಸುಲಭವಾಗಿ ಸಿಗುವುದು ಅದೇ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 60/40 ಸೋಲ್ಡರ್ ಕಡ್ಡಿ ಅಂದರೆ 60 ಭಾಗ ತವರ, 40 ಭಾಗ ಸೀಸ. ಅಪ್ಪಟ ತವರ ಕರಗುವುದು 232 ಡಿಗ್ರಿಗೆ, ಅಪ್ಪಟ ಸೀಸ 327ಕ್ಕೆ. ಆದರೆ ಎರಡೂ ಈ ಲೆಕ್ಕದಲ್ಲಿ ಸೇರಿದರೆ 183 ಡಿಗ್ರಿಗೇ ಕರಗಲು ಶುರುವಾಗಿ, 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಎರಕದ ಮಟ್ಟಿಗೆ ಇದರಷ್ಟು ಮಾತು ಕೇಳುವ ಲೋಹ ಇನ್ನೊಂದಿಲ್ಲ. ಅಚ್ಚು ಸ್ವಲ್ಪ ತಣ್ಣಗಿದ್ದರೂ ಕೋವಿಯ ತುದಿಯವರೆಗೆ ಹರಿಯುತ್ತದೆ. ಗೊಂಬೆ ತೆಗೆಯುವಾಗ ಕೋವಿ ಬಾಗಿದರೆ ಬೆರಳಲ್ಲೇ ನೆಟ್ಟಗೆ ಮಾಡಬಹುದು. ಅಗ್ಗವೂ ಹೌದು.

ಆದರೂ ನಮ್ಮ ಮನೆಯಲ್ಲಿ ಇದಕ್ಕೆ ಜಾಗ ಇಲ್ಲ. ನಾನು ಗೊಂಬೆ ಮಾಡುವುದು ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹೊತ್ತಿಗೆ ಮನೆಮಂದಿಯ ಮಕ್ಕಳಿಗೆ ಕೊಡಲಿಕ್ಕೆ. ಮಕ್ಕಳು ಅದನ್ನು ಹಿಡಿದು ಆಡುತ್ತಾರೆ, ಬಾಯಿಗಿಡುತ್ತಾರೆ. ಸೀಸ ದೇಹ ಸೇರಿದರೆ ಬೆಳೆಯುವ ಮಕ್ಕಳ ಮೆದುಳಿಗೇ ಪೆಟ್ಟು. ಬಣ್ಣ ಹಚ್ಚಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಆಡುವ ಗೊಂಬೆಯ ಬಣ್ಣ ಏಳುವುದಕ್ಕೆ ಎಷ್ಟು ಹೊತ್ತು ಬೇಕು? ಮಾಡುವವರಿಗೂ ಅಪಾಯ ಇದೆ. ಈ ಬಿಸಿಯಲ್ಲಿ ಹೊಗೆಗಿಂತ ಜಾಸ್ತಿ ಕಾಡುವುದು ಮೇಲೆ ಕಟ್ಟುವ ಬೂದಿಯಂಥ ಕಿಟ್ಟ ಮತ್ತು ಅರ ಹಾಕುವಾಗ ಉದುರುವ ಪುಡಿ. ಅದು ಉಗುರಿನ ಸಂದಿಗೆ ಹೋಗಿ, ಅಲ್ಲಿಂದ ತಿಂಡಿಗೆ ಬರುತ್ತದೆ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಕೂಡ 1997ರಲ್ಲಿ ತನ್ನ ಪುಟ್ಟ ಗೊಂಬೆಗಳಿಗೆ ಸೀಸ ಬಳಸುವುದನ್ನು ಬಿಟ್ಟಿತು. ಗಾಜಿನ ಬೀರುವಿನಲ್ಲಿಟ್ಟು ನೋಡುವ ದೊಡ್ಡವರ ಸಂಗ್ರಹಕ್ಕಾದರೆ, ಕೈಗವಸು ಹಾಕಿ, ಬಯಲಲ್ಲಿ ಕರಗಿಸಿ, ಆಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳುವವರು ಬಳಸಲಿ. ಅಡುಗೆಮನೆ ಒಲೆಯ ಮೇಲೆ ಮಾತ್ರ ಬೇಡವೇ ಬೇಡ.

ಎರಡನೆಯದು ತವರ ಮತ್ತು ಬಿಸ್ಮತ್ ಬೆರಕೆ. 42 ಭಾಗ ತವರ, 58 ಭಾಗ ಬಿಸ್ಮತ್ ಇದ್ದರೆ 138 ಡಿಗ್ರಿಗೇ ಕರಗುತ್ತದೆ. ದೋಸೆಗೆ ಕಾಯಿಸುವ ಕಾವಲಿಗಿಂತ ಕಡಿಮೆ ಬಿಸಿ! ಇಷ್ಟು ಕಡಿಮೆ ಬಿಸಿ ಆದ್ದರಿಂದ ಮಾಮೂಲಿ ಸಿಲಿಕೋನ್ ಅಚ್ಚಿಗೂ ಏನೂ ಆಗುವುದಿಲ್ಲ. ಇನ್ನೊಂದು ಗುಣ ನನಗೆ ತುಂಬ ಇಷ್ಟ. ಬಿಸ್ಮತ್ ಗಟ್ಟಿಯಾಗುವಾಗ ಹಿಗ್ಗುವ ಲೋಹ. ಅದು ಬೆರೆತಾಗ ತವರ ಕುಗ್ಗುವುದು ಸರಿದೂಗುತ್ತದೆ. ನನ್ನ ಆನೆಯ ಬೆನ್ನಿನಲ್ಲಿ ಒಂದು ಗುಳಿಯೂ ಬೀಳಲಿಲ್ಲ. ಪೀಚೆಕತ್ತಿಯ ಒರೆಯ ಮೇಲಿನ ಕೆತ್ತನೆ ಮೂರು ಲೋಹಗಳಲ್ಲಿ ಅತಿ ಚೂಪಾಗಿ ಬಂದದ್ದೂ ಇದರಲ್ಲೇ.

ಕೋವಿಯ ವಿಷಯದಲ್ಲಿ ಇದು ಕೈಕೊಟ್ಟಿತು. ಲೋಹ ತುದಿಯವರೆಗೆ ಹರಿದಿತ್ತು, ನಳಿಗೆ ಚೆನ್ನಾಗಿಯೇ ಮೂಡಿತ್ತು. ಆದರೆ ಗೊಂಬೆಯನ್ನು ಅಚ್ಚಿನಿಂದ ಬಿಡಿಸುವಾಗ ನಳಿಗೆ ಒಂದಿಷ್ಟೂ ಬಾಗದೆ ಟಕ್ ಅಂತ ಮುರಿಯಿತು. ಮುರಿದ ಜಾಗ ನೋಡಿದರೆ ಸಕ್ಕರೆ ಹರಳಿನಂತೆ ಮಿನುಗುವ ಕಣಗಳು. ಬಿಸ್ಮತ್ ಜಾಸ್ತಿ ಇರುವ ಲೋಹದ ಸ್ವಭಾವವೇ ಅದು, ಬಾಗುವ ಮೊದಲೇ ಮುರಿಯುತ್ತದೆ. ಹುಷಾರಾಗಿ ಬಿಡಿಸಿ ಕೋವಿ ಉಳಿಸಿಕೊಂಡರೂ ಮಗುವಿನ ಕೈಯಿಂದ ಸಿಮೆಂಟ್ ನೆಲಕ್ಕೆ ಬಿದ್ದ ದಿನ ಮುರಿಯುವುದೇ. ಹಾಗಾಗಿ ಬಿಸ್ಮತ್ ಬೆರಕೆ ಆನೆಗೆ ಸೈ, ಕೊಡವನಿಗೆ ಬೇಡ.

ಮೂರನೆಯದು ಬರೀ ತವರ. ಇದೇನೂ ನಮಗೆ ಹೊಸದಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದದ್ದು ಇದನ್ನೇ. ಈಗಲೂ ಕಲಾಯಿಯವರು ಇಟ್ಟುಕೊಂಡಿರುತ್ತಾರೆ. ಕೊಳ್ಳುವಾಗ ಒಂದು ಕಡ್ಡಿ ತೆಗೆದುಕೊಂಡು ಕಿವಿ ಹತ್ತಿರ ಹಿಡಿದು ನಿಧಾನವಾಗಿ ಬಾಗಿಸಿ. ಒಳ್ಳೆಯ ತವರ ಚರಚರ ಅಂತ ಸದ್ದು ಮಾಡುತ್ತದೆ. ಒಳಗಿನ ಹರಳುಗಳು ಜರುಗುವ ಸದ್ದು ಅದು. ಆಮೇಲೆ ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿ. ಪೆನ್ಸಿಲ್ ಎಳೆದಂತೆ ಕಪ್ಪು ಗೆರೆ ಬಿದ್ದರೆ ಸೀಸ ಬೆರೆಸಿದ್ದಾರೆ ಅಂತ ಅನುಮಾನ ಪಡಬೇಕು.

ತವರದ ಕೊಡವ ನನ್ನ ಮೆಚ್ಚಿನವನು. ಬೆಳ್ಳಿಯಂಥ ಬಿಳುಪು. ಕೋವಿ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಕೈಗೆ ಕಪ್ಪು ಹತ್ತುವುದಿಲ್ಲ. ಕಷ್ಟ ಎರಡು. ಒಂದು ಬೆಲೆ. ಸಗಟು ಪೇಟೆಯಲ್ಲೇ ತವರ ಸೀಸದ ಹತ್ತು ಪಟ್ಟಿಗೂ ಜಾಸ್ತಿ. ಆದರೆ ಒಂದು ಗೊಂಬೆಗೆ ಹಿಡಿಯುವ ಲೋಹ ಅಷ್ಟೇನಿಲ್ಲ, ಮುರಿದದ್ದು, ಅರೆಬರೆ ಬಂದದ್ದು ಎಲ್ಲವನ್ನೂ ಮತ್ತೆ ಕರಗಿಸಬಹುದು. ಎರಡನೆಯದು ಬಿಸಿ. 232ಕ್ಕೆ ಕರಗಿದರೂ ತೆಳು ಕೋವಿ ತುಂಬಬೇಕಾದರೆ 270, 280ರವರೆಗೆ ಕಾಯಿಸಬೇಕು. ಅಲ್ಲಿಗೆ ಮಾಮೂಲಿ ಸಿಲಿಕೋನಿನ ಕಥೆ ಮುಗಿಯಿತು.

ಮಡಿಕೇರಿಯ ಡಿಸೆಂಬರ್ ಚಳಿಗೆ ತವರ ಪುಡಿಯಾಗುತ್ತದೆ ಅಂತ ಓದಿ ಹೆದರಿದವರೊಬ್ಬರು ಕೇಳಿದ್ದರು. ಅಪ್ಪಟ ತವರಕ್ಕೆ 13 ಡಿಗ್ರಿಗಿಂತ ಕೆಳಗೆ ಬೂದು ಪುಡಿಯಾಗುವ ಗುಣ ಇರುವುದು ನಿಜ. ಆದರೆ ಅದು ನಡೆಯುವುದು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ಬಹಳ ಕಾಲ ಹಿಡಿದಾಗ. ಚೂರು ಬಿಸ್ಮತ್ ಅಥವಾ ಆಂಟಿಮನಿ ಸೇರಿದ್ದರೆ ಆ ಭಯವೂ ಇಲ್ಲ.

ಗುಜರಿ ಲೋಹ ಕರಗಿಸುವ ಯೋಚನೆ ಇದ್ದರೆ, ಹಳೆಯ ಬ್ಯಾಟರಿಯ ಸೀಸ ಮುಟ್ಟಬೇಡಿ, ಅದರಲ್ಲಿ ಆಸಿಡ್ ಇದೆ. ಗಾಡಿ ಚಕ್ರಕ್ಕೆ ಬಡಿಯುವ ಬ್ಯಾಲೆನ್ಸ್ ತುಂಡುಗಳಲ್ಲಿ ಕೆಲವು ಸತುವಿನವು. ಸತು ಕರಗಲು 419 ಡಿಗ್ರಿ ಬೇಕು. ಅದನ್ನು ತಡೆಯುವ ಸಿಲಿಕೋನ್ ನನಗೆ ಗೊತ್ತಿಲ್ಲ.

ಈಗ ಸಿಲಿಕೋನ್

ಮಾಮೂಲಿ ಟಿನ್ ಕ್ಯೂರ್ ಸಿಲಿಕೋನ್, ಅಂದರೆ ತವರದ ರಾಸಾಯನಿಕ ಬೆರೆಸಿ ಗಟ್ಟಿ ಮಾಡುವ ಸಿಲಿಕೋನ್, ಪ್ಲಾಸ್ಟರ್ ಗೊಂಬೆ, ಮೇಣದ ಗೊಂಬೆ ಮಾಡುವವರು ಬಳಸುವ ಬಿಳಿ ಬಣ್ಣದ್ದು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮೂಲ ಗೊಂಬೆಯನ್ನು ಯಾವುದರಲ್ಲಿ ಮಾಡಿದ್ದರೂ ತಕರಾರಿಲ್ಲದೆ ಗಟ್ಟಿಯಾಗುತ್ತದೆ. ಬಿಸ್ಮತ್ ಬೆರಕೆಗೆ ಇದು ಧಾರಾಳ ಸಾಕು. ಸೋಲ್ಡರಿಗೂ ಸ್ವಲ್ಪ ಕಾಲ ನಡೆಯುತ್ತದೆ. ತವರ ಹೊಯ್ದರೆ ಮೊದಲು ಹಾಳಾಗುವುದು ಸುತ್ತಲೂ ಬಿಸಿ ಮುತ್ತುವ ತೆಳು ಜಾಗಗಳು. ನನ್ನ ಅಚ್ಚಿನಲ್ಲಿ ಕೋವಿಗೂ ತೋಳಿಗೂ ನಡುವಿನ ಸಿಲಿಕೋನ್ ಹಾಳೆ ಗರಿಗರಿಯಾಗಿ, ಬಿರುಕು ಬಿಟ್ಟು, ಚೂರಾಗಿ ಕಳಚಿತು. ಆಮೇಲೆ ಬಂದ ಗೊಂಬೆಗಳಲ್ಲಿ ಆ ಜಾಗಕ್ಕೂ ಲೋಹ ತುಂಬಿ ಕೋವಿ ತೋಳಿಗೆ ಅಂಟಿಕೊಂಡಿತ್ತು.

ಪ್ಲಾಟಿನಂ ರಾಸಾಯನಿಕದಿಂದ ಗಟ್ಟಿಯಾಗುವ ಪ್ಲಾಟಿನಂ ಕ್ಯೂರ್ ಸಿಲಿಕೋನ್ ಸೋಪು, ಕೇಕ್ ಅಚ್ಚಿನವರ ಮೆಚ್ಚಿನದು. ಎರಡು ಬಾಟಲಿಯಿಂದ ಸಮಸಮ ಬೆರೆಸಿದರೆ ಆಯಿತು. ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ವರ್ಷಗಟ್ಟಲೆ ಇಟ್ಟರೂ ಅಚ್ಚು ಹಾಳಾಗುವುದಿಲ್ಲ. ಆದರೆ ಮಡಿವಂತಿಕೆ ಜಾಸ್ತಿ. ಗಂಧಕ ಇರುವ ಮಾಡೆಲಿಂಗ್ ಕ್ಲೇ, ಲೇಟೆಕ್ಸ್ ಕೈಗವಸು, 3ಡಿ ಪ್ರಿಂಟರಿನಲ್ಲಿ ಮಾಡಿದ, ಪೂರ್ತಿ ಗಟ್ಟಿಯಾಗದ ರೆಸಿನ್ ಗೊಂಬೆ, ಟಿನ್ ಕ್ಯೂರ್ ಬೆರೆಸಿದ ಹಳೆ ಬಟ್ಟಲು, ಇದರಲ್ಲಿ ಯಾವುದು ತಾಗಿದರೂ ಆ ಜಾಗ ಅಂಟಂಟಾಗಿಯೇ ಉಳಿಯುತ್ತದೆ. ಮನೆಬಳಕೆಗೆ ಸಿಗುವುದರಲ್ಲಿ ಹೆಚ್ಚಿನದು ತುಂಬ ಮೆದು ಕೂಡ. ಮೆದು ಅಚ್ಚಿನ ಎರಡು ಭಾಗ ಕೂಡಿಸಿ ರಬ್ಬರ್ ಬ್ಯಾಂಡ್ ಬಿಗಿದರೆ ಒಳಗಿನ ಆಕಾರವೇ ಹಿಸುಕಿದಂತಾಗುತ್ತದೆ. ನನ್ನ ಕೊಡವನ ಮುಖ ಚಪ್ಪಟೆಯಾಗಿ ಬಂತು. ಬಿಗಿಯದಿದ್ದರೆ ಎರಡು ಭಾಗದ ನಡುವೆ ಲೋಹ ಹರಿದು ಗೊಂಬೆಯ ಸುತ್ತ ರೆಕ್ಕೆ ಮೂಡುತ್ತದೆ. ಆನೆಗೆ ಪರವಾಗಿಲ್ಲ. ಕೊಡವನಿಗೆ ನಾನು ಶಿಫಾರಸು ಮಾಡುವುದಿಲ್ಲ.

ಮೂರನೆಯದು ಹೆಚ್ಚು ಬಿಸಿ ತಡೆಯುವ ಟಿನ್ ಕ್ಯೂರ್. ಲೋಹದ ಎರಕಕ್ಕೆಂದೇ ಮಾಡಿದ್ದು. ಸ್ಮೂತ್ ಆನ್ ಕಂಪನಿಯ ಮೋಲ್ಡ್ ಮ್ಯಾಕ್ಸ್ 60 ಇದೇ ಜಾತಿಯದು. ತಯಾರಕರ ಪ್ರಕಾರ 294 ಡಿಗ್ರಿ ತಡೆಯುತ್ತದೆ, ರಬ್ಬರಿನ ಗಟ್ಟಿತನ ಹೇಳುವ ಶೋರ್ ಎ ಅಳತೆಯಲ್ಲಿ 60 (ಸಂಖ್ಯೆ ಹೆಚ್ಚಾದಷ್ಟು ಗಟ್ಟಿ). ತವರಕ್ಕೆ 280 ಬೇಕು ಅಂದೆನಲ್ಲ, ಅದರ ಮೇಲೆ ಉಳಿಯುವುದು ಇಷ್ಟೇ ಅಂತರ. ಹಾಗಾಗಿ ಥರ್ಮಾಮೀಟರ್ ಇಲ್ಲದೆ ತವರ ಹೊಯ್ಯಬೇಡಿ. ಈ ಸಿಲಿಕೋನ್ ದುಬಾರಿ. 100 ಗ್ರಾಮಿಗೆ 3 ಗ್ರಾಂ ಗಟ್ಟಿಕಾರಕ ಬೆರೆಸಬೇಕು. ಅಡುಗೆಮನೆ ತಕ್ಕಡಿಗೆ ಆ 3 ಗ್ರಾಂ ಸರಿಯಾಗಿ ಸಿಗುವುದಿಲ್ಲ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು. ಮಂದವಾಗಿರುವುದರಿಂದ ಗುಳ್ಳೆ ಬೇಗ ಏಳುವುದಿಲ್ಲ. ಎತ್ತರದಿಂದ ನೂಲಿನಂತೆ ಸಣ್ಣಗೆ ಒಂದೇ ಮೂಲೆಗೆ ಸುರಿದರೆ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ಮೊದಲು ಬ್ರಷ್ಷಿನಲ್ಲಿ ಗೊಂಬೆಯ ಮುಖಕ್ಕೆ, ಕತ್ತಿಗೆ ಒಂದು ಪದರ ಬಳಿದುಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಇದ್ದರೂ ಕೊಡವನಿಗೆ ನಾನು ಖಾಯಂ ಮಾಡಿಕೊಂಡಿರುವುದು ಇದನ್ನೇ. ಗಟ್ಟಿ ಇರುವುದರಿಂದ ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದರೂ ಆಕಾರ ಕೆಡುವುದಿಲ್ಲ, ರೆಕ್ಕೆ ಮೂಡುವುದಿಲ್ಲ. ಮೊದಲ ಅಚ್ಚು ಈಗಲೂ ಕೆಲಸ ಮಾಡುತ್ತಿದೆ.

ಮಳೆಗಾಲದ ಮಾತು

ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರ. ಅಂದರೆ ಗೊಂಬೆ ಹೊಯ್ಯುವುದು ಜುಲೈ, ಆಗಸ್ಟಿನ ಜಡಿಮಳೆಯಲ್ಲಿ. ಈ ವಿಷಯ ಹೊರಗಿನವರು ಬರೆದದ್ದರಲ್ಲಿ ಸಿಗುವುದಿಲ್ಲ, ನಮಗೆ ಮಾತ್ರ ಇದೇ ಮುಖ್ಯ.

ಟಿನ್ ಕ್ಯೂರ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಆದ್ದರಿಂದ ನಮ್ಮ ಮಳೆಗಾಲ ಅದಕ್ಕೆ ಅಡ್ಡಿಯಲ್ಲ. ಪ್ಲಾಟಿನಂ ಕ್ಯೂರಿಗೆ ತೇವದ ಗೊಡವೆ ಇಲ್ಲ, ಚಳಿಗೆ ಮಾತ್ರ ನಿಧಾನ ಆಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿಯಾಗುವ ಹಳೆ ಬಗೆಯ ಬಲ್ಬು ಉರಿಸಿ ಒಳಗಿಟ್ಟರೆ ಸಾಕು.

ನಿಜವಾದ ಅಪಾಯ ಲೋಹದ ಹತ್ತಿರ. ಕರಗಿದ ತವರಕ್ಕೆ ಒಂದು ಹನಿ ನೀರು ಸಿಕ್ಕಿದರೆ ಅದು ಆ ಕ್ಷಣ ಆವಿಯಾಗಿ ಲೋಹವನ್ನು ಮುಖಕ್ಕೆ ಸಿಡಿಸುತ್ತದೆ. ಮಳೆಗಾಲದಲ್ಲಿ ಲೋಹದ ಗಟ್ಟಿ, ಸೌಟು, ಅಚ್ಚು ಎಲ್ಲದರ ಮೇಲೂ ಕಣ್ಣಿಗೆ ಕಾಣದ ಪಸೆ ಇರುತ್ತದೆ. ಕರಗಿದ ಲೋಹಕ್ಕೆ ಹೊಸ ತುಂಡು ಹಾಕುವ ಮೊದಲು ಅದನ್ನು ಒಲೆಯ ಅಂಚಿನಲ್ಲಿಟ್ಟು ಬಿಸಿ ಮಾಡಲೇಬೇಕು. ಸೌಟಿಗೂ ಅದೇ ನಿಯಮ. ಅಚ್ಚನ್ನು ಅಗ್ಗಿಷ್ಟಿಕೆ ಹತ್ತಿರ ಬೆಚ್ಚಗೆ ಮಾಡಿಕೊಳ್ಳಿ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು, ಕಾಲಿಗೆ ಶೂ, ಕೆಳಗೆ ಒಣ ಮರಳಿನ ತಟ್ಟೆ. ಸೋರುವ ಮಾಡಿನ ಕೆಳಗೆ ಈ ಕೆಲಸ ಬೇಡ.

ಟಾಲ್ಕಂ ಪೌಡರ್ ಕೂಡ ಮಳೆಗೆ ಮುದ್ದೆಗಟ್ಟುತ್ತದೆ. ಅದನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಡಬ್ಬಕ್ಕೆ ಹಾಕಿಡಿ. ಅಚ್ಚಿನ ಎರಡೂ ಮುಖಕ್ಕೆ ಪೌಡರ್ ಉಜ್ಜಿ, ತಟ್ಟಿ ಉದುರಿಸಿದರೆ ಲೋಹ ತೆಳು ಜಾಗಗಳಿಗೆ ಸಲೀಸಾಗಿ ಹರಿಯುತ್ತದೆ. ಪೌಡರ್ ಇಲ್ಲದ ಅಚ್ಚಿನಲ್ಲಿ ತವರದ ಕೋವಿ ಅರ್ಧಕ್ಕೇ ನಿಂತಿತು, ಅದೇ ಅಚ್ಚಿಗೆ ಪೌಡರ್ ಹಾಕಿದ ಮೇಲೆ ತುದಿ ಮುಟ್ಟಿತು. ಕೋವಿಯ ಬಾಯಿಯಿಂದಲೂ ಒಡಿಕತ್ತಿಯ ಮೊನೆಯಿಂದಲೂ ಅಚ್ಚಿನ ಹೊರಗಿನವರೆಗೆ ಬ್ಲೇಡಿನಲ್ಲಿ ಕೂದಲೆಳೆಯಷ್ಟು ಗಾಳಿದಾರಿ ಕೊರೆಯುವುದು ಅಷ್ಟೇ ಮುಖ್ಯ. ಗೊಂಬೆ ತಲೆಕೆಳಗಾಗಿರಲಿ, ಲೋಹ ಪಾದದ ಕಡೆಯಿಂದ ಇಳಿಯಲಿ.

ಕರೆಂಟಿನ ಕರಗಿಸುವ ಪಾತ್ರೆಯಾ, ಗ್ಯಾಸ್ ಒಲೆಯಾ ಅಂದರೆ, ನಮ್ಮ ಕಡೆ ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ. ಒಂಟಿ ಬರ್ನರ್ ಗ್ಯಾಸ್ ಒಲೆ, ಮತ್ತೆ ಅಡುಗೆಗೆ ಬಳಸದ ದಪ್ಪ ಸ್ಟೀಲ್ ಪಾತ್ರೆ ಸಾಕು.

ಹೊಸಬರು ಆನೆಯಂಥ ದಪ್ಪ ಗೊಂಬೆ, ಬಿಸ್ಮತ್ ಬೆರಕೆ, ಮಾಮೂಲಿ ಟಿನ್ ಕ್ಯೂರ್ ಇಷ್ಟರಿಂದ ಶುರು ಮಾಡಿ. ಖರ್ಚೂ ಕಡಿಮೆ, ಬಿಸಿಯೂ ಕಡಿಮೆ. ಕತ್ತಿ, ಕೋವಿ ಇರುವ ಗೊಂಬೆಗೆ ಕೈ ಹಾಕುವಾಗ ತವರಕ್ಕೂ ಬಿಸಿ ತಡೆಯುವ ಸಿಲಿಕೋನಿಗೂ ಒಟ್ಟಿಗೇ ದುಡ್ಡು ಹಾಕಿ, ಒಂದನ್ನು ಮಾತ್ರ ಕೊಂಡರೆ ಪ್ರಯೋಜನ ಇಲ್ಲ. ಉಳಿದ ತುಂಡುಗಳನ್ನು ಬೇರೆ ಬೇರೆ ಡಬ್ಬದಲ್ಲಿ ಹೆಸರು ಬರೆದು ಇಡಿ. ಸೀಸ, ತವರ, ಬಿಸ್ಮತ್ ಮೂರೂ ಬೆರೆತರೆ ನೀರು ಕುದಿಯುವ ಬಿಸಿಗೂ ಮುಂಚೆ ಕರಗುವ ಬೆರಕೆ ಆಗಬಹುದು. ಮಕ್ಕಳ ಗೊಂಬೆಗೆ ಇಟ್ಟ ತವರಕ್ಕೆ ಸೀಸದ ಚೂರು ಬಿದ್ದರೆ ಅದನ್ನು ಮನೆಯಲ್ಲಿ ಬೇರ್ಪಡಿಸಲು ದಾರಿಯಿಲ್ಲ, ಆ ಪಾತ್ರೆಯ ಲೋಹವನ್ನು ಪೂರ್ತಿ ಪಕ್ಕಕ್ಕಿಡಬೇಕು.