ಬಿದ್ದರೂ ಒಡೆಯದ ಗಾಜು, ಮರಳಿಗೆ ಮಾತ್ರ ಸೋತಿತು

ಗಾರೆ ಕೆಲಸದ ಮೇಸ್ತ್ರಿ ನಾನು. ಫೋನು ಇಡೀ ದಿನ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಸಿಮೆಂಟ್ ಮಧ್ಯೆಯೇ ಇರುತ್ತದೆ. ಗಟ್ಟಿ ಗಾಜಿನದು ಅಂತಲೇ ಇದನ್ನು ತಗೊಂಡೆ.

ಬೀಳುವ ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ. ಸೆಂಟ್ರಿಂಗ್ ಹಲಗೆ ಮೇಲೆ, ಟೈಲ್ಸ್ ಮೇಲೆ ಬಿದ್ದಿದೆ, ಒಂದು ಬಿರುಕೂ ಇಲ್ಲ. ಗೊರಿಲ್ಲಾ ಗ್ಲಾಸ್ ಥರದ ಗಟ್ಟಿ ಫೋನ್ ಗಾಜನ್ನು ಕಾಯಿಸಿ ಕರಗಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದುತ್ತಾರೆ. ಗಾಜಿನೊಳಗಿನ ಸಣ್ಣ ಸೋಡಿಯಂ ಅಯಾನು (ವಿದ್ಯುತ್ ಅಂಶ ಇರುವ ಕಣ) ಹೊರಗೆ ಬಂದು, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನು ಕೂರುತ್ತದೆ. ಮೇಲ್ಮೈ ಬಿಗಿಯಾಗುತ್ತದೆ, ಬಿರುಕು ಸುಲಭಕ್ಕೆ ಹಬ್ಬುವುದಿಲ್ಲ.

ಆದರೆ ಗೀರು? ಬಿಸಿಲಿಗೆ ಓರೆಯಾಗಿ ಹಿಡಿದರೆ ಹೆಬ್ಬೆರಳು ಓಡಾಡುವ ಕಡೆಯೆಲ್ಲ ಕೂದಲೆಳೆಯಂಥ ಗೆರೆಗಳು. ಜೇಬಿನ ಬೀಗದ ಕೈ, ಚಿಲ್ಲರೆ ಇದನ್ನು ಮಾಡಲಿಲ್ಲ. ಮಾಡಿದ್ದು ಮರಳು. ಯಾವುದು ಯಾವುದನ್ನು ಗೀರುತ್ತದೆ ಅಂತ 1ರಿಂದ 10ರವರೆಗೆ ಹೇಳುವ ಮೋಸ್ ಗಡಸುತನದ ಅಳತೆಯಲ್ಲಿ ಮರಳಿನೊಳಗಿನ ಸ್ಫಟಿಕ ಶಿಲೆ 7. ಫೋನಿನ ಗಾಜು ಸಾಮಾನ್ಯವಾಗಿ 6ಕ್ಕೇ ಗೀರಲು ಶುರುವಾಗುತ್ತದೆ. ಜಾಹೀರಾತಿನಲ್ಲಿ ಬೀಳುವ ಎತ್ತರದ ಮಾತೇ ಜಾಸ್ತಿ, ಧೂಳಿನ ಮಾತು ಕಮ್ಮಿ. ನಮ್ಮಂಥವರಿಗೆ ಬೇಕಾದದ್ದು ಧೂಳಿನ ಮಾತೇ ಅಲ್ವಾ?

ಸೈಟಿನಲ್ಲಿ ಕೆಲಸ ಮಾಡುವವರು ಮೊದಲ ದಿನವೇ ಟೆಂಪರ್ಡ್ ಗ್ಲಾಸ್ ಹಾಕಿಸಿ. ಗೀರಾದರೆ ಅದನ್ನಷ್ಟೇ ಬದಲಾಯಿಸಬಹುದು. ಧೂಳು ಕೂತಾಗ ಮೊದಲು ಊದಿ, ಶರ್ಟಿನ ತುದಿಯಿಂದ ಸುಮ್ನೆ ಉಜ್ಜಬೇಡಿ.