ಸರ್ಕಾರ ಸಾಕು ಅಂತು, ತಜ್ಞರು ಇನ್ನೂ ಬೇಕು ಅಂದರು: ಮಾಸ್ಕ್ ತೆಗೆಯೋದಾ?

ಕೋವಿಡ್ ಕಾಲದಲ್ಲಿ ಹೀಗೂ ಆಗಿತ್ತು: ಸರ್ಕಾರ ಮಾಸ್ಕ್ ಕಡ್ಡಾಯವಲ್ಲ ಅಂದರೂ ತಜ್ಞರು ಇನ್ನೂ ಹಾಕಿ ಅಂದರು. ಆಗ ಯಾರ ಮಾತು ಕೇಳೋದು? ಸರ್ಕಾರ ನೋಡೋದು ಆಸ್ಪತ್ರೆಯನ್ನು ಮಾತ್ರ ಅಲ್ಲ. ಮುಚ್ಚಿದ ಶಾಲೆ, ನಿಂತ ದುಡಿಮೆ, ಜನರ ಬೇಸರ, ಮುಂದಿನ ಚುನಾವಣೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅದಕ್ಕೆ ತಾರೀಖು ಬೇಕು. ತಜ್ಞರಿಗೆ ತಾರೀಖಿಗಿಂತ ಅಂಕಿ ಮುಖ್ಯ. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಇಂಥದ್ದೇ: ನಿರ್ಬಂಧ ಸಡಿಲಿಸುವ ಮೊದಲು, ಕೋವಿಡ್ ಪರೀಕ್ಷೆ ಮಾಡಿದವರಲ್ಲಿ ಪಾಸಿಟಿವ್ ಬರುವವರು ಶೇ 5ಕ್ಕಿಂತ ಕಡಿಮೆ ಇರಬೇಕು, ಅದೂ ಸತತ 14 ದಿನ.

ಇಂಗ್ಲೆಂಡ್ 2021ರ ಜುಲೈ 19ರಂದು ಮಾಸ್ಕ್ ಸೇರಿ ಬಹುತೇಕ ಕೋವಿಡ್ ನಿರ್ಬಂಧಗಳನ್ನು ತೆಗೆಯಿತು. ಅದಕ್ಕೂ ಮೊದಲೇ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ವೈದ್ಯರು ಇದು ಅಪಾಯ ಎಂದು ಬರೆದಿದ್ದರು. ಆದರೆ ದಿನಕ್ಕೆ 1 ಲಕ್ಷ ಸೋಂಕು ಬರುತ್ತದೆ ಎಂಬ ಅಂದಾಜು ಆ ಬೇಸಿಗೆಯಲ್ಲಿ ನಿಜವಾಗಲಿಲ್ಲ. ತಜ್ಞರೂ ತಪ್ಪುತ್ತಾರೆ, ಅಲ್ವಾ? ಹಾಗಂತ ಅವರ ಮಾತು ಸುಮ್ನೆ ಹೆದರಿಸೋದಲ್ಲ.

ನನ್ನ ಆಯ್ಕೆ ಹೀಗೆ. ದಂಡ, ಶಾಲೆ, ಪ್ರಯಾಣದ ವಿಷಯಕ್ಕೆ ಸರ್ಕಾರದ ಆದೇಶ ನೋಡಿ. ಮೈಗೆ ಸಂಬಂಧಿಸಿದ್ದಕ್ಕೆ ತಜ್ಞರನ್ನು ಕೇಳಿ. 'ಕಡ್ಡಾಯವಲ್ಲ' ಅಂದರೆ 'ಬೇಡ' ಅಂತಲ್ಲ. ಇದನ್ನೇ ಜನ ಜಾಸ್ತಿ ತಪ್ಪು ತಿಳಿಯೋದು.

ಆಸ್ಪತ್ರೆಯ ಲಿಫ್ಟ್ ನೆನೆಸಿಕೊಳ್ಳಿ. ಒಳಗೆ ಎಂಟು ಜನ, ಮೂಲೆಯಲ್ಲಿ ಒಬ್ಬರು ಕೆಮ್ಮುತ್ತಿದ್ದಾರೆ, ನಿಮ್ಮ ಪಕ್ಕದಲ್ಲಿ ಕ್ಯಾನ್ಸರ್‌ಗೆ ಕೀಮೋ ಮುಗಿಸಿದ ಅಮ್ಮ. ಆದೇಶ ಏನೇ ಇರಲಿ, ಅಲ್ಲಿ ಮಾಸ್ಕ್ ಮೂಗಿನ ಮೇಲೇ ಇರಲಿ. ಖಾಲಿ ಮೈದಾನದಲ್ಲಿ ಒಬ್ಬರೇ ನಡೆಯುವಾಗ ಜೇಬಿನಲ್ಲಿದ್ದರೂ ಸಾಕು.